ನಾನೇ ಹಾಕಿದ ರೂಲ್ಸು

2022ರಲ್ಲಿ ನಾನು ಹೆಬ್ಬಾಳದ ಟೈಮ್‌ಶೇರ್ ಕಂಪನಿಯೊಂದರಲ್ಲಿ ಟ್ರಿಪ್ ಪ್ಲ್ಯಾನರ್ ಆಗಿದ್ದೆ. ಟೈಮ್‌ಶೇರ್ ಎಂದರೆ, ಒಮ್ಮೆ ಸದಸ್ಯರಾದವರು ಪ್ರತಿವರ್ಷ ಏಳು ದಿನ ಕಂಪನಿಯ ಯಾವುದಾದರೂ ರೆಸಾರ್ಟಿನಲ್ಲಿ ಉಳಿಯುವ ಹಕ್ಕು. ಅಲ್ಲಿನ ಕೋಣೆಗಳಲ್ಲಿ ಪುಟ್ಟ ಅಡುಗೆಮನೆಯೂ ಇರುತ್ತದೆ. ನಾನು ತಲೆತಗ್ಗಿಸುವಂತಾದದ್ದು ಆ ಅಡುಗೆಮನೆಯಿಂದಲೇ.

ನಮ್ಮ ಸದಸ್ಯರಾಗಿದ್ದ, ಹೆಬ್ಬಾಳದಾಚೆಯ ಸಿಂಗಾಪುರವೆಂಬ ಹಳ್ಳಿಯ ಮುನಿಶಾಮಪ್ಪ ಸೊಸೆ ಪುಷ್ಪಾ ಅವರೊಂದಿಗೆ ಬಂದಿದ್ದರು. ವಯಸ್ಸು ಎಪ್ಪತ್ತೆರಡು, ಸಕ್ಕರೆ ಕಾಯಿಲೆ. ಮನೆಮಂದಿಯೆಲ್ಲ ಕಾರಿನಲ್ಲಿ ಗೋವಾದಿಂದ ಬೇಕಲದ ಕೋಟೆಯವರೆಗೆ ಕಡಲ ಪಕ್ಕದಲ್ಲೇ ಹೋಗಬೇಕೆಂಬುದು ಅವರ ಆಸೆ. "ನಮ್ ಜಮೀನೆಲ್ಲಾ ಲೇಔಟ್ ಆಗೋಯ್ತು ಸಾ. ಯಾರೂ ಸೈಟ್ ಮಾಡಕ್ಕಾಗ್ದೆ ಇರೋದ್ನ ಒಂದ್ಸಲ ಕಣ್ತುಂಬ ನೋಡ್ಬೇಕು," ಎಂದು ನಕ್ಕರು. ಆಮೇಲೆ ನನ್ನನ್ನೇ ದಿಟ್ಟಿಸಿ, "ನಿಮ್ದು ಯಾವೂರು?" ಎಂದರು.

"ಸಂಜಯನಗರ," ಎಂದೆ.

ಅಲ್ಲಿರುವುದು ನನ್ನ ಬಾಡಿಗೆ ಮನೆ. ನಾನು ಹುಟ್ಟಿದ್ದು ಸಿಂಗಾಪುರದ ಪಕ್ಕದ ತಿಂಡ್ಲಿನಲ್ಲಿ, ರಾಗಿ ಬೆಳೆಯುತ್ತಿದ್ದವರ ಮನೆಯಲ್ಲಿ. ಕಚೇರಿಯಲ್ಲಿ ಅದು ಗೊತ್ತಾಗದಂತೆ ನೋಡಿಕೊಂಡಿದ್ದೆ, ಮಾತನ್ನೂ ತಿದ್ದಿಕೊಂಡಿದ್ದೆ.

ಹಿಂದಿನ ವರ್ಷ ಉಳಿದಿದ್ದ ಎರಡು ದಿನ ಸೇರಿಸಿ ಒಂಬತ್ತು ದಿನದ ಪ್ಲ್ಯಾನ್ ಹಾಕಿದೆ: ಗೋವಾ, ಗೋಕರ್ಣ, ಉಡುಪಿ, ಬೇಕಲ. ಗೋವಾ ಮುಟ್ಟಿದ ಮೇಲೆ ಒಂದೇ ದಿನ ಇನ್ನೂರು ಕಿಲೋಮೀಟರ್ ದಾಟದಂತೆ ಲೆಕ್ಕ ಹಾಕಿದ್ದೆ, ಚೆನ್ನಾಗಿಯೇ ಬಂದಿತ್ತು. ಏಳುವಾಗ ಪುಷ್ಪಾ ಕೇಳಿದರು: "ಸಾರ್, ನಮ್ ಮಾವಂಗೆ ದಿನಾ ರಾಗಿಮುದ್ದೆನೇ ಆಗ್ಬೇಕು. ಹಿಟ್ಟು, ಪಾತ್ರೆ, ಮುದ್ದೆ ಕೋಲು ತಗೊಂಡ್ ಹೋಗ್ತೀವಿ. ರೂಮಲ್ಲೇ ಮಾಡ್ಕೋಬೋದಲ್ವಾ?"

ಪಕ್ಕದ ಮೇಜಿನವರು ಮುಸಿಮುಸಿ ನಕ್ಕರು. ನನ್ನ ಮನೆಯ ಊಟಕ್ಕೇ ನಕ್ಕಂತಾಯಿತು, ಆ ಮಾತು ಅಲ್ಲಿಗೇ ಮುಗಿದರೆ ಸಾಕೆನಿಸಿತು. "ಇಲ್ಲ ಮೇಡಂ, ಅಡುಗೆ ಮಾಡುವಂತಿಲ್ಲ. ರೂಲ್ಸ್," ಎಂದೆ.

ಅಂಥ ರೂಲ್ಸು ಇರಲೇ ಇಲ್ಲ. ಆ ಅಡುಗೆಮನೆ ಇದ್ದದ್ದೇ ಸದಸ್ಯರು ಅಡುಗೆ ಮಾಡಿಕೊಳ್ಳಲೆಂದು.

ಅವರು ನಂಬಿದರು. ಐದು ದಿನ ಮುನಿಶಾಮಪ್ಪ ರೆಸಾರ್ಟಿನ ಪೂರಿ, ನೂಡಲ್ಸು, ಬಿಳಿ ಅನ್ನ ತಿಂದರು. ಉಡುಪಿಯಲ್ಲಿ ಸಕ್ಕರೆ ಏರಿ ತಲೆಸುತ್ತಿ ಬಿದ್ದರು. ಮೂರು ದಿನ ಆಸ್ಪತ್ರೆ. ಬೇಕಲ ನೋಡದೆ ವಾಪಸ್ ಬಂದರು. ಇನ್ನು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟರು.

ಪುಷ್ಪಾ ಫೋನ್ ಮಾಡಿದರು. "ಪಕ್ಕದ ರೂಮಿನೋರು ಮೀನು ಹುರೀತಿದ್ರು ಸಾರ್. ನಮಗ್ ಮಾತ್ರ ಯಾಕೆ ರೂಲ್ಸು?"

ಆ ಭಾನುವಾರ ಅವರ ಮನೆಗೆ ಹೋಗಿ ಸುಳ್ಳನ್ನು ಒಪ್ಪಿಕೊಂಡೆ. ನಾನೂ ತಿಂಡ್ಲಿನವನೇ ಎಂದೆ. ಪುಷ್ಪಾ ಎದ್ದು ಒಳಗೆ ಹೋದರು.

"ಗೊತ್ತು ಕಣಪ್ಪ," ಎಂದರು ಮುನಿಶಾಮಪ್ಪ. "ನೀನು ಚಿಕ್ಕಣ್ಣನ ಮಗ. ಆವತ್ತೇ ಗುರ್ತು ಸಿಕ್ತು. ನೀನು ಸಂಜಯನಗರ ಅಂದೆ. ನಾಕ್ ಜನದ ಮುಂದೆ ಇಂಗ್ಯಾಕೆ ನಿನ್ ಮರ್ವಾದೆ ತೆಗೀಲಿ ಅಂತ ಸುಮ್ಕಾದೆ."



ಈಗ ರೂಟು ಹಾಕುವ ಮೊದಲು, ಮನೆಯಲ್ಲಿ ಏನು ಊಟ ಮಾಡುತ್ತೀರಿ ಎಂದು ಕೇಳುತ್ತೇನೆ. ಊರು ಕೇಳಿದವರಿಗೆ ತಿಂಡ್ಲು ಎನ್ನುತ್ತೇನೆ. ನನ್ನ ಕೆಲಸ ಕಲಿಸಿದ್ದು ಇಷ್ಟೇ, ಅದನ್ನು ನಾನು ಕಲಿಯಲು ಮುನಿಶಾಮಪ್ಪನವರ ಬೇಕಲ ಹೋಯಿತು.