ಚಾಲಕರ ನಿದ್ದೆ, ಮಾಲೀಕರ ಬಾಯಲ್ಲಿ

ಗೆಳೆಯರೇ, ಸಂಶೋಧನೆಯಲ್ಲಿ ಹೊಸತನ ಎಂದರೆ ಏನೆಂದು ಇವತ್ತು ತಿರುವನಂತಪುರದಲ್ಲಿ ಕಲಿತೆ.

ನನ್ನ ಪಿಎಚ್‌ಡಿ ಪ್ರಸ್ತಾವನೆ ಲಾರಿ ಚಾಲಕರ ನಿದ್ದೆಯ ಬಗ್ಗೆ. ವಲ್ಲಾರ್ಪಾಡಂ ಬಂದರಿನ ಕಂಟೇನರ್ ಲಾರಿಗಳ ಮೇಲೆ ಸಿಕ್ಕ ಪ್ರಬಂಧಗಳನ್ನೆಲ್ಲ ಓದಿದ್ದೆ. ಒಂದರಲ್ಲೂ ಚಾಲಕರನ್ನು ಮಾತಾಡಿಸಿಲ್ಲ. ಅವರಿಗೆ ನಿದ್ದೆ ಸಾಕಾಗುತ್ತದೆಯೇ ಎಂದು ಲಾರಿ ಮಾಲೀಕರನ್ನು ಕೇಳಿದ್ದಾರೆ. ಧಾರಾಳವಾಗಿ ಸಾಕಾಗುತ್ತದೆ ಎಂದು ಮಾಲೀಕರು ಹೇಳಿದ್ದಾರೆ. ಹಿಂದಿನ ಅಧ್ಯಯನಗಳ ವಿಮರ್ಶೆಯಲ್ಲಿ ಇದನ್ನೇ ಬರೆದೆ.

ಗೈಡ್ ಮೇಡಂ ನಮ್ಮ ಕಾಸರಗೋಡಿನವರೇ. ಆ ಪುಟಕ್ಕೆ ಅಡ್ಡಗೆರೆ ಎಳೆದರು.

“ದೊಡ್ಡವರ ತಪ್ಪು ಹುಡುಕ್ಲಿಕ್ಕೆ ಹೋಗ್ಬೇಡ ಮಾರಾಯ್ತಿ. ವಲ್ಲಾರ್ಪಾಡಂ ಆಗಿದೆ, ನೀನು ಅಂಬಲಮುಗಳ್ ಮಾಡು. ರಿಫೈನರಿಯ ಟ್ಯಾಂಕರ್ ಡ್ರೈವರುಗಳ ಮೇಲೆ ಯಾರೂ ಮಾಡ್ಲಿಲ್ಲ. ಅದೇ ನಿನ್ನ ರಿಸರ್ಚ್ ಗ್ಯಾಪ್.”

“ಈ ಸಲ ಡ್ರೈವರುಗಳನ್ನೇ ಕೇಳ್ಬಹುದಲ್ಲ ಮೇಡಂ?”

“ಎಂತಕ್ಕೆ? ಪ್ರಶ್ನಾವಳಿ ಮೊದಲಿನದ್ದೇ ಇರ್ಲಿ. ಕಮಿಟಿಯವರು ಒಪ್ಪಿದ್ದು ಅದನ್ನೇ.”

ಒಂದೇ ಪ್ರಶ್ನೆಯನ್ನು ಊರಿಂದೂರಿಗೆ ಹೊತ್ತು ತಿರುಗುವುದಕ್ಕೆ ವಿಮರ್ಶಾತ್ಮಕ ಅಧ್ಯಯನ ಎಂದು ಹೆಸರು. ಕೇರಳದ ಊರುಗಳು ಮುಗಿಯುವವರೆಗೂ ಡಾಕ್ಟರೇಟ್‌ಗೇನೂ ಬರವಿಲ್ಲ.

ಅಂಬಲಮುಗಳ್‌ನ ಚಾಲಕರೂ ಚೆನ್ನಾಗಿಯೇ ನಿದ್ದೆ ಮಾಡುತ್ತಾರೆ, ಬೇಕಾದರೆ ಈಗಲೇ ಬರೆದುಕೊಡುತ್ತೇನೆ. ಮಾಲೀಕರು ಮಲಗಿ ಎದ್ದ ಮೇಲೆ ಸಹಿ ಹಾಕಿಸಿಕೊಂಡು ಬಂದರಾಯಿತು.