ಜ್ವರದ ಕಾಲದ ಸನ್ಮಾನ

ನಾನು ಕಣ್ಣು ಕಾಣದವಳು. ಬಂಟ್ವಾಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ನಮ್ಮೂರು ವಾಮದಪದವಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಸ್ಸಿಳಿಯುವಾಗ ಯಾರಾದರೊಬ್ಬರು ನನ್ನನ್ನು ಕೇಳದೆಯೇ ತೋಳು ಹಿಡಿದು, ಅಂಗಡಿಗೆ ಅಕ್ಕಿಮೂಟೆ ಇಳಿಸಿದ ಹಾಗೆ ಇಳಿಸಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ಸಾವಿರದ ಒಂಬತ್ತರಲ್ಲಿ ಹಂದಿಜ್ವರದ ಸುದ್ದಿ ಹಬ್ಬಿದಾಗ ಆ ಕೈಗಳೆಲ್ಲ ಮಾಯವಾದವು. ಫುಟ್‌ಬೋರ್ಡಿನ ಮೇಲೆ ನಿಂತು ನಾನು ಒಂದು ಕಾಲಿನಿಂದ ನೆಲ ತಡಕಾಡುತ್ತಿದ್ದರೆ ಕಂಡಕ್ಟರು ದೂರದಿಂದಲೇ "ಇಳೀರಿ, ಇಳೀರಿ" ಅನ್ನುತ್ತಿದ್ದ. ಬೇಡವೆಂದು ಬೈದುಕೊಂಡಿದ್ದ ಆ ಕೈಗಳಿಗಾಗಿ ನಾನೇ ಕಾಯುವ ಹಾಗಾಯಿತು.

ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಮುಟ್ಟಬೇಡಿ. ಬಾಗಿಲು ಮುಟ್ಟಬೇಡಿ, ಮೆಟ್ಟಿಲ ಕಟಾಂಜನ ಮುಟ್ಟಬೇಡಿ, ಬೇರೆಯವರ ಫೋನು ಮುಟ್ಟಬೇಡಿ. ನಾನು ನಡೆಯುವುದೇ ಗೋಡೆ ಮುಟ್ಟಿಕೊಂಡು. ರಾತ್ರಿ ಪಾಳಿಯವನು ಮಾತಾಡಿದ ರಿಸೀವರನ್ನೇ ಬೆಳಿಗ್ಗೆ ನಾನು ಕಿವಿಗಿಡಬೇಕು. ಹೆದರಿಕೆ ನನಗೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಬೆಳಿಗ್ಗೆ ಮ್ಯಾನೇಜರು ನನ್ನನ್ನು ಕರೆಸಿದರು. ಮೃದುವಾಗಿ ಮಾತಾಡುವವರು, ಯಾರನ್ನೂ ಗದರಿದ್ದನ್ನು ನಾನು ಕೇಳಿಲ್ಲ.

"ಅಕ್ಕ, ನೀವು ಸ್ವಲ್ಪ ಸಮಯ ಮನೆಯಲ್ಲೇ ಇರಿ. ನಿಮ್ಮ ಒಳ್ಳೆಯದಕ್ಕೇ ಹೇಳುವುದು. ಕಾಯಿಲೆ ಎಲ್ಲ ಕಡಿಮೆ ಆಗಲಿ, ಮತ್ತೆ ನೋಡುವ."

"ಮತ್ತೆ ನನ್ನ ಕೆಲಸ ಇರ್ತದಾ ಸಾರ್?"

"ನೋಡುವ ಅಂತ ಹೇಳಿದೆನಲ್ಲ."

ಮೂಡುಬಿದಿರೆಯ ಒಂದು ಪ್ರೆಸ್ಸಿನಲ್ಲಿ ನನ್ನ ಗುರುತಿನವರೊಬ್ಬರು ಕೆಲಸಕ್ಕಿದ್ದರು, ಪೋಲಿಯೊದಿಂದ ಕಾಲು ಸೋತವರು. ಅದೇ ತಿಂಗಳು ಅವರಿಗೂ ಇದೇ ಮಾತು ಹೇಳಿ ಮನೆಗೆ ಕಳಿಸಿದ್ದರು. ವಾರ ಕಳೆದು ವಿಚಾರಿಸಲು ಹೋದರೆ ಅವರ ಜಾಗದಲ್ಲಿ ಬೇರೊಬ್ಬ ಕೂತು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದನಂತೆ. ಬೆಳ್ತಂಗಡಿಯಲ್ಲಿ ಪರಿಚಯದ ಒಬ್ಬ ವಕೀಲರಿದ್ದರು, ಅವರಲ್ಲಿಗೆ ಹೋದೆ. ಅಂಗವಿಕಲರಿಗೆ ಕಾನೂನು ಉಂಟಲ್ಲ ಎಂದು ಕೇಳಿದೆ.

"ಉಂಟು. ಆದರೆ ನೌಕರಿಯ ವಿಷಯದಲ್ಲಿ ಅದು ಹಿಡಿಯುವುದು ಸರಕಾರದವರನ್ನು. ನಿಮ್ಮದು ಪ್ರೈವೇಟ್ ಅಲ್ವಾ? ನೀವೇ ಮಾತಾಡಿ ಸರಿ ಮಾಡಿಕೊಳ್ಬೇಕಷ್ಟೆ."

ನನ್ನಂಥವರಿಗೆಂದೇ ಮಾಡಿದ ಕಾನೂನು, ನಮ್ಮ ಆಸ್ಪತ್ರೆಯ ಗೇಟಿನ ಹೊರಗೇ ನಿಂತುಬಿಟ್ಟಿತ್ತು. ಮನೆಯಲ್ಲಂತೂ ಯಾರಿಗೂ ಚಿಂತೆಯಿಲ್ಲ. ದುಬೈಯಿಂದ ಅಣ್ಣ ಫೋನು ಮಾಡಿ, "ನಿನಗೆ ಯಾಕೆ ಈ ಕಷ್ಟ? ನಾನು ಕಳಿಸ್ತೇನಲ್ಲ, ಮನೆಯಲ್ಲಿ ಆರಾಮ ಇರು" ಎಂದ. ಆರಾಮ ಎಂದರೆ ಏನೆಂದು ನನಗೆ ಗೊತ್ತಿತ್ತು. ಕೆಲಸ ಸಿಗುವ ಮೊದಲು ಆ ಮನೆಯ ಒಂದು ಮೂಲೆಯಲ್ಲಿ ನಾನು ಆರಾಮವಾಗಿಯೇ ಕೂತಿದ್ದೆ. ತಟ್ಟೆ ನಾನಿದ್ದಲ್ಲಿಗೆ ಬರುತ್ತಿತ್ತು. ಮನೆಗೆ ಬಂದವರು ನನ್ನನ್ನು ಬಿಟ್ಟು ಅಮ್ಮನ ಹತ್ತಿರ "ಇವಳು ಊಟ ಮಾಡಿದಳಾ?" ಎಂದು ಕೇಳುತ್ತಿದ್ದರು. ಆ ಮೂಲೆಗೆ ತಿರುಗಿ ಹೋಗುವುದಕ್ಕಿಂತ ಜ್ವರ ಬರುವುದೇ ವಾಸಿ ಅನ್ನಿಸಿತ್ತು. ಹಾಗಾಗಿ ಮ್ಯಾನೇಜರು ಹೇಳಿದ್ದನ್ನು ಕೇಳಿಸಿಕೊಳ್ಳದವಳ ಹಾಗೆ ದಿನಾ ಕೆಲಸಕ್ಕೆ ಹೋದೆ. ಪ್ರತಿ ಸಲ ಕುರ್ಚಿ ಎಳೆಯುವಾಗ ಅದರಲ್ಲಿ ಬೇರೆ ಯಾರಾದರೂ ಕೂತಿರಬಹುದೆಂದು ಮೊದಲು ಸೀಟನ್ನು ತಡವಿ ನೋಡುತ್ತಿದ್ದೆ.

ಆಗ ಒಂದು ದಿನ ನರ್ಸ್ ಹುಡುಗಿಯೊಬ್ಬಳು ಖುಷಿಯಿಂದ ಓಡಿಬಂದಳು.

"ಅಕ್ಕಾ, ನಾಳೆ ನಿಮಗೆ ಸನ್ಮಾನ ಉಂಟಂತೆ! ಶಾಲು, ಹಣ್ಣು, ಸ್ಮರಣಿಕೆ ಎಲ್ಲ ತಂದಿಟ್ಟಿದ್ದಾರೆ."

ನಮ್ಮ ಕಡೆಯವರಿಗೆ ಸನ್ಮಾನದ ಹುಚ್ಚು ಎಷ್ಟೆಂದು ಹೇಳಬೇಕಾಗಿಲ್ಲ. ಶಾಲೆಯ ವಾರ್ಷಿಕೋತ್ಸವವಿರಲಿ, ಯಕ್ಷಗಾನವಿರಲಿ, ಯಾರದಾದರೂ ಹೆಗಲಿಗೊಂದು ಶಾಲು ಬೀಳಲೇಬೇಕು. ಒಬ್ಬರನ್ನು ಮನೆಗೆ ಕಳಿಸುವುದಕ್ಕೂ ನಮಗೆ ಅದೇ ದಾರಿ. ಶಾಲು ಹೊದ್ದುಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು, ಎಲ್ಲರೆದುರು ಧನ್ಯವಾದ ಹೇಳಿದವಳು ಮರುದಿನ ಯಾವ ಮುಖ ಇಟ್ಟುಕೊಂಡು ಕೆಲಸಕ್ಕೆ ಬರುತ್ತಾಳೆ? ಮ್ಯಾನೇಜರು ಇದನ್ನು ಕುತಂತ್ರವೆಂದು ಮಾಡಿರಲಿಲ್ಲ. ಗೌರವವೆಂದೇ ನಂಬಿದ್ದರು, ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ.

ಮರುದಿನ ಹೊರರೋಗಿಗಳ ವಿಭಾಗದಲ್ಲಿ ಎಲ್ಲರೂ ಸೇರಿದರು. ನನ್ನನ್ನೊಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಉಳಿದವರು ದೂರ ನಿಂತರು. ಮ್ಯಾನೇಜರು ನನ್ನ ಸೇವೆಯನ್ನು ಹೊಗಳತೊಡಗಿದರು. ಮಾತಿನ ನಡುವೆ ಕೆಮ್ಮಿದರು. ಎದೆಯ ಆಳದಿಂದ ಬರುವ ಕೆಮ್ಮು ಅದು, ಹಿಂದಿನ ದಿನವೂ ಇಂಟರ್‌ಕಾಮಿನಲ್ಲಿ ಕೇಳಿದ್ದೆ. "ಇನ್ನು ಇವರು ವಿಶ್ರಾಂತಿ ಪಡೆಯಲಿ" ಎಂದು ಹೇಳಿ ಮತ್ತೆ ಕೆಮ್ಮಿದರು. ನರ್ಸ್ ಹುಡುಗಿ ಶಾಲು ಬಿಡಿಸಿಕೊಂಡು ಹತ್ತಿರ ಬಂದಳು. ನಾನು ಎದ್ದುನಿಂತು ಅವಳ ಮಣಿಕಟ್ಟನ್ನು ಹಿಡಿದುಬಿಟ್ಟೆ. ಯಾರೋ "ಅಯ್ಯೋ, ಮುಟ್ಟಬೇಡಿ" ಎಂದರು.

"ಸಾರ್, ನಾನು ರಾಜೀನಾಮೆ ಕೊಡ್ಲಿಲ್ಲ. ನನಗೆ ಕೆಮ್ಮಿಲ್ಲ, ಜ್ವರ ಇಲ್ಲ. ಕೆಮ್ಮುವುದು ನೀವು. ಮನೆಗೆ ಹೋಗ್ಬೇಕಾದ್ದು ನಾನಾ?"

ಆಗ ಯಾರ ಮುಖ ಹೇಗಿತ್ತೋ ನನಗೆ ತಿಳಿಯದು, ಅಂದು ಮಾತ್ರ ಕಣ್ಣಿದ್ದರೆ ಎಂದು ಆಸೆಪಟ್ಟೆ. ಕೊನೆಗೆ ಹಿರಿಯ ಡಾಕ್ಟರಮ್ಮ ಮ್ಯಾನೇಜರನ್ನು ಕರೆದು, "ಬನ್ನಿ, ನೋಡುವ, ನಿಮಗೆ ಮೈ ಬಿಸಿ ಉಂಟಾ ಅಂತ" ಎಂದು ಒಳಗೆ ಕರೆದುಕೊಂಡು ಹೋದರು. ಬಿಸಿ ಇತ್ತು. ಯಾವ ಜ್ವರವೋ ನನಗೆ ಯಾರೂ ಹೇಳಲಿಲ್ಲ. ಅಂದೇ ಅವರನ್ನು ಮನೆಗೆ ಕಳಿಸಿದರು. ನಾನು ಹೋಗಿ ಸ್ವಿಚ್‌ಬೋರ್ಡಿನೆದುರು ಕೂತೆ. ಏಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಅವರು ರಜೆಯಲ್ಲಿದ್ದಷ್ಟು ದಿನ ಅವರ ಕೋಣೆಗೆ ಬಂದ ಫೋನುಗಳಿಗೆಲ್ಲ ನಾನೇ ಉತ್ತರ ಹೇಳಿದೆ, "ಹುಷಾರಿಲ್ಲ, ಬರ್ತಾರೆ" ಎಂದು. ಅವರ ಕುರ್ಚಿಯಲ್ಲಿ ಬೇರೊಬ್ಬರನ್ನು ಕೂರಿಸುವ ಯೋಚನೆ ಯಾರಿಗೂ ಹೊಳೆಯಲಿಲ್ಲ. ಜ್ವರ ಬಂದ ಅವರಿಗಾಗಿ ಕೆಲಸ ಕಾದಿತ್ತು, ಜ್ವರವೇ ಬಾರದ ನನಗಾಗಿ ಶಾಲು ತಂದಿದ್ದರು.

ಗುಣವಾಗಿ ಬಂದ ದಿನ ಅವರು ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು.

"ಅಕ್ಕ, ನಿಮಗೆ ಇಲ್ಲಿ ಕೆಲಸ ಮಾಡ್ಲಿಕ್ಕೆ ಏನು ಬೇಕು?"

ನನಗೆ ಮಾತ್ರ ಎಂದು ಬೇರೆ ಹೆಡ್‌ಫೋನ್ ಕೇಳಿದೆ. ಹಿಂಬಾಗಿಲಿನಿಂದ ನನ್ನ ಕೋಣೆಯವರೆಗೆ, ಬೇರೆ ಯಾರೂ ಮುಟ್ಟದ ಹಾಗೆ ಗೋಡೆಯ ಬದಲು ನಾನು ಹಿಡಿದು ನಡೆಯಲಿಕ್ಕೆ ಒಂದು ಹಗ್ಗ ಕಟ್ಟಿಸಿ ಎಂದೆ. ಸಂಜೆಯೊಳಗೆ ಎರಡೂ ಆದವು.

ಒಂದು ಹಗ್ಗ, ಒಂದು ಹೆಡ್‌ಫೋನ್. ಅಷ್ಟಕ್ಕೆ ಮುಗಿಯುವ ವಿಷಯವಾಗಿತ್ತು. ಏನು ಬೇಕು ಎಂಬ ಆ ಪ್ರಶ್ನೆಯನ್ನು ನಾನು ಕೆಲಸಕ್ಕೆ ಸೇರಿದ ದಿನವೇ ಯಾರಾದರೂ ಕೇಳಬಹುದಿತ್ತು, ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.