ಮೊಳೆಯ ಮೇಲಿನ ಬಿಲ್ಲೆ

ಬಂಗಾರಪೇಟೆಯ ಪಾರ್ಸೆಲ್ ಗೋದಾಮಿನಿಂದ ಊರಿಗಾಂ, ಕೋರಮಂಡಲ್ ಕಡೆಯ ಮನೆಗಳಿಗೆ ಸ್ಕೂಟರಿನಲ್ಲಿ ಸಾಮಾನು ಮುಟ್ಟಿಸುವವಳು ಇಂದ್ರಾಣಿ. ನಮ್ಮ ಕೋದಂಡಪ್ಪನ ಮಗಳು. ಚಿನ್ನದ ಗಣಿಯಲ್ಲಿ ದುಡಿದು ಅವನ ಬೆನ್ನು ಬಗ್ಗಿತ್ತೇ ಹೊರತು ತಲೆ ಬಗ್ಗಿರಲಿಲ್ಲ. ಮಗಳದೂ ಅದೇ ಕತ್ತು.

ಬೆಳಗ್ಗೆ ಲಾರಿ ಬರುವವರೆಗೆ ಗೋದಾಮಿನ ಮುಂದೆ ಕಾಯಬೇಕು. ಕಾದ ಹೊತ್ತು ಕಂಪನಿಯ ಫೋನ್ ಆ್ಯಪಿನ ಲೆಕ್ಕಕ್ಕಿಲ್ಲ, ಅದಕ್ಕೆ ಬಿಡಿಗಾಸೂ ಇಲ್ಲ. ಪಾರ್ಸೆಲ್ ಮನೆ ಮುಟ್ಟಿದರೆ ಮಾತ್ರ ದುಡ್ಡು. ಬಾಗಿಲಿಗೆ ಬೀಗವಿದ್ದರೆ ಪೆಟ್ರೋಲೂ ದಂಡ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯನ್ನಾದರೂ ಕೊಡಿ ಎಂದು ಇಂದ್ರಾಣಿ ಕೇಳಿದಳು.

ಮ್ಯಾನೇಜರ್ ಚಿರಂಜೀವಿ ನಕ್ಕ. "ಕೂಲಿ ಕೊಡೋದು ಆಳುಗಳಿಗಮ್ಮ. ನೀವು ಪಾರ್ಟ್‌ನರ್‌ಗಳು. ಕಂಪನಿ ನಿಮ್ದೇ ಇದ್ದಂಗೆ."

"ಅಂಗಾದ್ರೆ ಆ ಫ್ಯಾನ್ ಕೆಳಗಿನ ಕುರ್ಚಿ ನನ್ಗೆ ಬಿಡಪ್ಪ. ನೀನು ಮಾರಿಕುಪ್ಪಂ ಕಡೆ ಒಂದು ರೌಂಡ್ ಓಗ್ಬಾ."

ಎತ್ತಿಗೆ ಯಜಮಾನ ಅಂತ ಹೆಸರಿಟ್ಟು ಹಿಂಡಿಯ ಖರ್ಚು ಉಳಿಸಿದರಂತೆ. ಅಂಥ ಪಾಲುದಾರಿಕೆ ಇದು.

ಮಾರನೇ ದಿನ ಇಂದ್ರಾಣಿ ಅಪ್ಪನ ಹಿತ್ತಾಳೆ ಬಿಲ್ಲೆ ತಂದು ಗೋದಾಮಿನ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದಳು. ಗಣಿಯಲ್ಲಿ ಎಲ್ಲರಿಗೂ ಇಂಥದೊಂದು ಇತ್ತು. ಇಳಿಯುವ ಮುಂಚೆ ಹಲಗೆಗೆ ಸಿಕ್ಕಿಸಬೇಕು, ಮೇಲೆ ಬಂದವನು ತಾನೇ ತೆಗೆಯಬೇಕು. ಸಿಕ್ಕಿಸಿದ ಗಳಿಗೆಯಿಂದ ಆಳು ಕೆಲಸದಲ್ಲಿದ್ದಾನೆಂದು ಲೆಕ್ಕ. ಹಲಗೆಯಲ್ಲಿ ಒಂದು ಬಿಲ್ಲೆ ಉಳಿದರೂ ಕೆಳಗೊಬ್ಬ ಉಳಿದಿದ್ದಾನೆಂದು ಅರ್ಥ. ಅವನನ್ನು ಬಿಟ್ಟು ಜೊತೆಯವರು ಹೊರಡುವಂತಿಲ್ಲ.

ಗಣಿ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿದ, ಅವಳಂತೆಯೇ ಪಾರ್ಸೆಲ್ ಮುಟ್ಟಿಸುವ ಕುಪ್ಪುಸ್ವಾಮಿ ತನ್ನ ತಾತನ ಬಿಲ್ಲೆ ತಂದ. ಇಲ್ಲದವರು ಡಬ್ಬಿ ಮುಚ್ಚಳಕ್ಕೆ ತೂತು ಹೊಡೆದು ತಂದರು.

"ಇದೇನು, ತಗಡಿನ ಅಂಗಡಿನಾ?" ಎಂದ ಚಿರಂಜೀವಿ.

"ಕೆಲ್ಸಕ್ಕೆ ಬಂದೀವಿ ಅಂತ ಗುರ್ತು. ನಿನ್ನ ಫೋನು ಮರೀತದೆ, ಮೊಳೆ ಮರೆಯಾಕಿಲ್ಲ," ಎಂದಳು ಇಂದ್ರಾಣಿ.

ಒಂದು ಬೆಳಗ್ಗೆ ಅವಳು ಬಿಲ್ಲೆ ಸಿಕ್ಕಿಸಿ ಫೋನಿನಲ್ಲಿ ಆ್ಯಪ್ ತೆರೆದರೆ, ಕಂಪನಿಯವರು ಅವಳ ಐಡಿ ಬ್ಲಾಕ್ ಮಾಡಿದ್ದರು. ಇನ್ನು ಅವಳಿಗೆ ಕೆಲಸವಿಲ್ಲ.

"ಓಹೋ, ಯಜಮಾನಿನೇ ಆಚೆಗಾಕ್ಬುಟ್ರಾ," ಎಂದಳು. ಮನೆಗೆ ಹೋಗಲಿಲ್ಲ. ಬಿಲ್ಲೆಯನ್ನೂ ತೆಗೆಯಲಿಲ್ಲ.

ಲಾರಿ ಬಂತು. ಯಾರೂ ಪಾರ್ಸೆಲ್ ಮುಟ್ಟಲಿಲ್ಲ. ಕುಪ್ಪುಸ್ವಾಮಿ ಬೈಕಿನ ಮೇಲೆ ಕುಂತು ಬೀಡಿ ಹಚ್ಚಿದ.

"ಮೊಳೆ ಮ್ಯಾಲೆ ಬಿಲ್ಲೆ ಐತೆ ಸಾರ್. ಆಳು ಒಳ್ಗೇ ಸಿಕ್ಕೊಂಡವ್ಳೆ. ಬುಟ್ಟು ಎಂಗೆ ಓಗಾದು?"

"ನಿನ್ನ ಎದುರ್ಗೇ ನಿಂತವ್ಳಲ್ಲಯ್ಯ," ಎಂದ ಚಿರಂಜೀವಿ.

"ನಿಮ್ಮ ಫೋನ್ಗೆ ಕಾಣ್ತಿಲ್ವಲ್ಲ ಸಾರ್."

ಬಿಸಿಲೇರಿತು. ಮೇಲಿನವರ ಫೋನು ಒಂದರ ಹಿಂದೊಂದು ಬಂದವು. ಚಿರಂಜೀವಿ ಬೆವರು ಒರೆಸಿಕೊಂಡು ಯಾರಿಗೋ ಹೇಳಿ ಐಡಿ ತೆರೆಸಿದ. ಆಮೇಲೆ ಬಿಲ್ಲೆಯನ್ನು ತಾನೇ ಕಿತ್ತು ಚಾಚಿದ. "ತಗೋ ತಾಯಿ, ಇದನ್ನ ಬ್ಯಾಗಿಗಾಕ್ಕೊಂಡು ಹೊರಡು."

ಇಂದ್ರಾಣಿ ಕೈ ನೀಡಲಿಲ್ಲ. "ಇದ್ದ ಜಾಗಕ್ಕೇ ಸಿಕ್ಸಪ್ಪ. ಕೆಲ್ಸ ಮುಗುದ್ಮೇಲೆ ನಾನೇ ತಗೀತೀನಿ."

ಸಿಕ್ಕಿಸಿದ.

ಕನಿಷ್ಠ ಕೂಲಿಯ ದೂರು ಈಗ ಕಾರ್ಮಿಕ ಇಲಾಖೆಯಲ್ಲಿದೆ. ಎಲ್ಲರೂ ರುಜು ಹಾಕಿದ್ದಾರೆ. ಇನ್ನೂ ತೀರ್ಮಾನವಾಗಿಲ್ಲ. ವಿಚಾರಣೆಗೆ ಕರೆದ ದಿನ ಇಂದ್ರಾಣಿ ಅಧಿಕಾರಿಯ ಮೇಜಿನ ಮೇಲೆ ಮೊದಲು ಬಿಲ್ಲೆ ಇಟ್ಟು, ಆಮೇಲೆ ಮಾತಿಗೆ ಕುಳಿತಳು.